ಹರಾಜಿನಣ್ಣ ಇಳಿಸಿದ ಲ್ಯಾಪ್‌ಟಾಪ್

ಆ ದಿನ ಬೆಳಿಗ್ಗೆ ಮಂಜು ಹೊಸ್ತಿಲ ತನಕ ಬಂದು ನಿಂತಿತ್ತು. ಎದುರು ಮನೆಯ ಗೋಡೆಯೂ ಕಾಣದು. ಕಣ್ಣೆದುರಿಗಿದ್ದುದನ್ನೂ ದೇವರು ಒಮ್ಮೊಮ್ಮೆ ಹೀಗೆ ಮುಚ್ಚಿಡುತ್ತಾನೆ. ಆ ಮಂಜಿನಲ್ಲೇ ಹರಾಜಿನಣ್ಣ ಹೆಂಡತಿಯನ್ನು ಕರೆದುಕೊಂಡು ಲ್ಯಾಪ್‌ಟಾಪ್ ಅಂಗಡಿಗೆ ಹೊರಟ.

ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಬದುಕಿದವನು. ಅದೇ ಗಂಟಲಲ್ಲಿ ಬೈದು ಬೈದು ಹೆಂಡತಿಯ ಮಾನವನ್ನೂ ಮೂರು ಹೊತ್ತು ಹರಾಜು ಹಾಕಿದವನು. ಗಂಟಲಿಗೆ ಹುಣ್ಣಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. "ಸಣ್ಣದೊಂದು ಲ್ಯಾಪ್‌ಟಾಪ್ ತಗೊಳ್ಳಿ, ನೀವು ಬರೆದದ್ದನ್ನ ಅದು ಮಾತಾಡುತ್ತೆ" ಎಂದರು. ಮನೆಗೆ ಬಂದ ಮೌನವನ್ನು ಹೆಂಡತಿ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಿದ್ದಳು. ಈಗ ಮರುದಿನವೇ ಮಂಡಿಯವರು ಬರುವವರಿದ್ದರು, ಅವನ ಜಾಗ ಅವನಿಗೇ ಇರಬೇಕೋ ಬೇಡವೋ ಎಂದು ಕೇಳಲು.

ಅಂಗಡಿಯಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಎತ್ತಿ, ಚೀಟಿಯ ಮೇಲೆ ಅರ್ಧ ಬೆಲೆ ಬರೆದ.

"ಅಜ್ಜಾ, ಇದು ಬದನೆಕಾಯಲ್ಲ" ಎಂದಳು ಮಾರುವ ಹುಡುಗಿ.

ಅವನು ಸದ್ದಿಲ್ಲದೆ ನಕ್ಕು, ಹೊಡೆದುಹಾಕಿ ಮತ್ತೆ ಬರೆದ. ಹುಡುಗಿ ಸೋಲುವ ತನಕ ಬರೆದ. ಬೇರೇನನ್ನೂ ವಿಚಾರಿಸಲಿಲ್ಲ, ಇಳಿಸಿದವನೇ ಗೆದ್ದವನು. ಗೆದ್ದ ಖುಷಿಯಲ್ಲಿ ಅವನು ಆಗಲೇ ಬೀದಿಗಿಳಿದಿದ್ದ. ಚೀಲ ಕೊಡುವಾಗ ಹುಡುಗಿ ಹೆಂಡತಿಗೆ, "ಅಮ್ಮಾ, ಚಾರ್ಜರ್ ಒಳಗಿದೆ. ಬ್ಯಾಟರಿ ಹೆಚ್ಚು ಹೊತ್ತು ನಿಲ್ಲಲ್ಲ, ಅವರಿಗೆ ಹೇಳಿ" ಎಂದಳು.

"ಹೇಳ್ತೀನಮ್ಮಾ."

ಮನೆ ಸೇರುತ್ತಲೇ ಚಾರ್ಜರ್ ಹಿಟ್ಟಿನ ಡಬ್ಬದ ತಳ ಸೇರಿತು.

ಅವನು ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆದ. "ಊಟ ತಣ್ಣಗಿದೆ, ಕತ್ತೆ" ಎಂದಿತು ಯಂತ್ರ, ಎಳೆ ಹುಡುಗಿಯ ಜೇನಿನಂಥ ದನಿಯಲ್ಲಿ.

"ನಿಮಗಿಂತ ಇವಳೇ ಚೆನ್ನಾಗಿ ಬೈತಾಳೆ" ಎಂದಳು ಹೆಂಡತಿ.

ಸಂಜೆಯೊಳಗೆ ಪರದೆ ಕಪ್ಪಾಯಿತು. ವೈರು ಎಲ್ಲಿ ಎಂದು ಅವನು ಕೈ ಆಡಿಸಿದ.

"ವೈರಾ? ಕೊಡ್ಲೇ ಇಲ್ವಲ್ಲ. ಪ್ರಾಣ ಹಿಂಡಿ ರೇಟು ಇಳಿಸಿದ್ರಿ, ಬಾಲಾನೂ ಕೊಡ್ತಾರಾ?"

ಅವನು ತಲೆ ತಗ್ಗಿಸಿದ. ಅತಿ ಇಳಿಸಿದವನ ಬುಟ್ಟಿಯ ತಳಕ್ಕೆ ಕೊಳೆತದ್ದನ್ನು ತುಂಬುವುದು ಅವನದೇ ಮಂಡಿಯ ರೀತಿ. ನಂಬಿದ.

ಮರುದಿನ ಮಂಡಿಯವರು ಬಂದು ಕೂತರು. ಜಾಗದ ಮೇಲೆ ಕಣ್ಣಿಟ್ಟಿದ್ದ ಅವನ ಶಿಷ್ಯನೇ ಕೇಳಿದ: "ಹೇಳಣ್ಣಾ, ಕೂಗ್ತೀಯಾ?"

ಹರಾಜಿನಣ್ಣ ಆಸೆ ಬಿಡದೆ ಯಂತ್ರ ತೆರೆದು ಒತ್ತಿದ. ಏನೂ ಇಲ್ಲ. ಬಾಯಿ ತೆರೆದ. ಉಸಿರಾಟಕ್ಕೆಂದು ಡಾಕ್ಟರು ಕತ್ತಿನಲ್ಲಿ ಕೊರೆದಿದ್ದ ತೂತಿನಿಂದ ಬರೀ ಗಾಳಿ ಬಂತು.

"ಒಂದ್ಸಲ," ಎಂದ ಶಿಷ್ಯ, ಎಲ್ಲರ ಕಡೆ ಕಣ್ಣು ಹೊಡೆದು. "ಎರಡ್ಸಲ. ಮೂರ್ಸಲ. ಬಾಯಿ ಬಿಡದವನ ಮಾಲು ಹೋಯ್ತು ಅಂತ ನೀನೇ ಕಲಿಸಿದ್ದಲ್ವಾ ಗುರುವೇ."

ನಗುತ್ತಲೇ ಎದ್ದರು. ಮೆಟ್ಟಿಲಿಳಿಯುವಾಗಲೂ ನಗುತ್ತಿದ್ದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಎಲ್ಲವನ್ನೂ ನೋಡಿದಳು. ಇದನ್ನು ನೋಡಲೆಂದೇ ಜನ್ಮವಿಡೀ ಹಸಿದಿದ್ದಳು. ನೋಡಿದ ಮೇಲೂ ಹೊಟ್ಟೆ ತುಂಬಲಿಲ್ಲ. ಅವನು ಸತ್ತ ಯಂತ್ರದ ಮೇಲೆ ಇನ್ನೂ ಬೆರಳು ಒತ್ತುತ್ತಲೇ ಇದ್ದ, ಒಂದೊಂದೇ ಅಕ್ಷರ.

ಅವಳು ಒಳಗೆ ಹೋಗಿ ಡಬ್ಬದಲ್ಲಿ ಕೈ ಹಾಕಿದಳು. ಹಿಟ್ಟು ಒರೆಸಿ, ಚಾರ್ಜರನ್ನು ತಂದು ಅವನ ಕೈಗಿಟ್ಟಳು.