ಬೆರಳಿಗೆ ಸುತ್ತಿದ ಗುಂಗುರು

ಹೆಗಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ತಣ್ಣಗೆ ಬೆನ್ನಿಗಿಳಿಯುತ್ತಿತ್ತು, ಒರೆಸಿಕೊಳ್ಳೋಣವೆಂದು ಕೈಯೆತ್ತುವಷ್ಟರಲ್ಲಿ ಫೋನು — ತಂಗಿಯ ಗಂಡ, ಅಕ್ಕಾ, ಅವಳನ್ನ ಎಬ್ಬಿಸಿದೆ, ಏಳ್ಲಿಲ್ಲ ಅಕ್ಕಾ — ಫೋನು ಕೆಳಗಿಟ್ಟಳು. ದಪ್ಪ ಟವೆಲಿನಿಂದ ತಲೆಯನ್ನು ಗಸಗಸ ಉಜ್ಜಿಕೊಂಡಳು, ಯಾವತ್ತಿನ ಹಾಗೆ ಒಣಗಿದ ಮೇಲೆ ಬಾಚಿದಳು, ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡರೆ ಹತ್ತಿಮೂಟೆ ಒಡೆದ ಹಾಗೆ ತಲೆ ಕೆದರಿ ನಿಂತಿದೆ, ಪಕ್ಕದಲ್ಲಿ ಗಂಡ, ದುಃಖದಲ್ಲೂ ಅವನ ಬಾಯಿ ಸುಮ್ಮನಿರದು, ಪೊದೆ, ಆ ತಲೆ ಸ್ವಲ್ಪ ಮುಚ್ಕೊಳ್ಳೇ, ನಾಲ್ಕು ಜನ ಬಂದಿರ್ತಾರೆ. ಪೊದೆ ಎಂದು ಅವನಿಟ್ಟ ಹೆಸರು, ಮದುವೆಯಾದ ಹೊಸದರಲ್ಲಿಟ್ಟದ್ದು, ಮಕ್ಕಳೂ ನಕ್ಕು ನಕ್ಕು ಹಳೆಯದಾಗಿ ಹೋದ ಹೆಸರು. ಅಳು ಬರಬೇಕಿತ್ತು, ದೇವರೇ, ಒಡಹುಟ್ಟಿದವಳು ಹೋದಳು, ಅಳುವಿಗಿಂತ ಮುಂಚೆ ಬಂದ ಯೋಚನೆ ಮಾತ್ರ — ಅವಳು ಸತ್ತು ಮಲಗಿದರೂ ನನಗಿಂತ ಚೆನ್ನಾಗಿ ಕಾಣುತ್ತಾಳೆ.

ಇಬ್ಬರಿಗೂ ಅಪ್ಪನ ಕೂದಲೇ ಬಂದದ್ದು, ಅದೇ ಗುಂಗುರು, ಒಂದೇ ಬಚ್ಚಲಿನ ನೀರು, ಆದರೆ ಚಿಕ್ಕವಳದು ಮದುವೆಯಾದ ಮೇಲೆ ಉಂಗುರ ಉಂಗುರವಾಗಿ ಭುಜಕ್ಕಿಳಿಯಿತು, ಹೊಳೆಯಿತು, ಒಂದೆಳೆಯೂ ಮೇಲೇಳದು, ದೊಡ್ಡವಳದು ಗಾಳಿ ಸೋಕಿದರೆ ಸಾಕು ಬುಸ್ಸೆಂದು ಎದ್ದಿತು. ಏನು ಹಚ್ತೀಯೇ, ಹೇಳು. ಏನಿಲ್ಲ ಅಕ್ಕ, ಅಗಸೆ ಬೀಜ ಕುದಿಸಿದ ಲೋಳೆ, ಅಷ್ಟೇ. ಹಚ್ಚಿದಳು ದೊಡ್ಡವಳು, ತಲೆಯೆಲ್ಲ ಗೋಂದಿನ ಹಾಗೆ ಅಂಟಿತು, ಪುಡಿಪುಡಿ ಉದುರಿತು, ಗಂಡ ಬಿದ್ದು ಬಿದ್ದು ನಕ್ಕ. ಮತ್ತೆ ಕೇಳಿದರೆ ಚಿಕ್ಕವಳ ಮುಖ ಕೆಂಪಾಗುತ್ತಿತ್ತು, ಸೆರಗು ಬಾಯಿಗಿಟ್ಟುಕೊಂಡು, ಬಿಡಕ್ಕ, ಅದರಲ್ಲೇನಿದೆ — ಅದರಲ್ಲಿ ಏನೋ ಇದೆ, ಬಚ್ಚಿಡುತ್ತಾಳೆ, ಸ್ವಂತ ಅಕ್ಕನಿಂದ, ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು, ಪೂಜೆಗೆ ಕೂತಾಗಲೂ ಕಣ್ಣು ಮುಚ್ಚಿದರೆ ದೇವರ ಬದಲು ತಂಗಿಯ ಜಡೆ.

ಈಗ ತಂಗಿಯ ಮನೆಯಲ್ಲಿ ಆ ಗುಟ್ಟು ಕಣ್ಣೆದುರಿಗೇ ನಡೆಯುತ್ತಿದೆ. ಸ್ನಾನ ಮಾಡಿಸಿ ಮಲಗಿಸಿದ್ದಾರೆ, ತಲೆಯಿಂದ ನೀರಿಳಿದು ಚಾಪೆ ಒದ್ದೆ, ಪಕ್ಕದ ಮನೆ ಟೀಚರು ಟವೆಲು ತೆಗೆದುಕೊಂಡಿದ್ದೇ ತಡ ತಂಗಿಯ ಗಂಡ ಒಳಗೆ ಬಂದ, ಲಾರಿ ಓಡಿಸುವವನು, ಮರದ ತುಂಡಿನಂಥ ಕೈ, ಉಜ್ಜಬೇಡಿ ಟೀಚರೇ, ಉಜ್ಜಿದ್ರೆ ಅವಳಿಗಾಗಲ್ಲ, ನಾನೇ ಮಾಡ್ತೀನಿ, ದಿನಾ ನಾನೇ ತಾನೇ ಮಾಡ್ತಿದ್ದಿದ್ದು. ದಿನಾ ನಾನೇ. ಗೂಟದಿಂದ ತನ್ನ ಹಳೇ ನೂಲಿನ ಅಂಗಿ ತೆಗೆದ, ತೊಳೆದೂ ತೊಳೆದೂ ಮೆತ್ತಗಾದದ್ದು, ಬೊಗಸೆಯಲ್ಲಿ ಕೂದಲ ತುದಿ ಎತ್ತಿಕೊಂಡ, ಕೆಳಗಿನಿಂದ ಮೇಲಕ್ಕೆ, ಹಿಂಡಲಿಲ್ಲ, ಸುಮ್ಮನೆ ಒತ್ತಿ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಬಟ್ಟಲಲ್ಲಿ ನಿನ್ನೆಯ ಲೋಳೆ ಇನ್ನೂ ಇತ್ತು. ಅದರಲ್ಲಿ ಅದ್ದಿದ ಬೆರಳಿಂದಲೇ ಸಿಕ್ಕು ಬಿಡಿಸಿದ. ಒಂದೊಂದೇ ಎಳೆಯನ್ನು ತೋರುಬೆರಳಿಗೆ ಸುತ್ತಿ, ಒಂದು ಗಳಿಗೆ ತಡೆದು, ಬೆರಳನ್ನು ಮೆಲ್ಲಗೆ ಎಳೆದುಕೊಂಡ — ಬೆರಳು ಈಚೆ ಬಂತು, ಸುರುಳಿ ಹಾಗೇ ಉಳಿಯಿತು.

ಗುಟ್ಟು ಲೋಳೆಯಲ್ಲ, ನೀರಲ್ಲ, ಇದು, ಈ ಬೆರಳು. ನಾಚಿಕೆಯಿಂದ ಹೇಳಲಿಲ್ಲ ಹುಚ್ಚಿ, ಗಂಡ ತಲೆ ಒಪ್ಪ ಮಾಡುತ್ತಾನೆಂದು ಅಕ್ಕನಿಗೆ ಹೇಗೆ ಹೇಳುವುದು, ಪೊದೆ ಎನ್ನಿಸಿಕೊಂಡ ಅಕ್ಕನಿಗೆ. ಈಗ ಗೊತ್ತಾಯಿತಲ್ಲ, ಆರಬೇಕಿತ್ತು ಕೆಂಡ, ಆರಲಿಲ್ಲ, ಇನ್ನೂ ಉರಿಯಿತು, ಕೂದಲಿನ ಮೇಲಿದ್ದ ಹೊಟ್ಟೆಕಿಚ್ಚು ಆ ಬೆರಳಿನ ಮೇಲೆ ಹಾರಿತು, ದೊಡ್ಡವಳ ನೆತ್ತಿಯನ್ನು ಯಾರು ಮುಟ್ಟಿದ್ದರು, ಅಮ್ಮನ ನಂತರ ಯಾರೂ ಇಲ್ಲ, ಅಮ್ಮನೂ ಎಳೆದೆಳೆದು ಬಾಚುತ್ತಿದ್ದಳು. ದೊಡ್ಡೋರು ನೀವು, ಪ್ರಾರ್ಥನೆ ಶುರುಮಾಡಿ ಅಮ್ಮ, ಟೀಚರು ಮೊಣಕೈ ಮುಟ್ಟಿದರು, ಎಲ್ಲರೂ ಕೈಜೋಡಿಸಿ ನಿಂತಿದ್ದಾರೆ, ಬಾಗಿಲಲ್ಲಿ ದೊಡ್ಡವಳ ಗಂಡ ತಲೆ ತಗ್ಗಿಸಿ. ಸತ್ತವಳ ಮೇಲೆ ಮತ್ಸರ ಇಟ್ಟುಕೊಂಡು ಯಾವ ಬಾಯಲ್ಲಿ ಶಾಂತಿ ಬೇಡುವುದು, ಸುಳ್ಳು ಪ್ರಾರ್ಥನೆ ಅವಳಿಗೆ ಮುಟ್ಟೀತೇ, ದೇವರೇ, ನನ್ನ ತಂಗಿಗೆ — ಬೆರಳು ಈಚೆ ಬಂತು, ಸುರುಳಿ ಉಳಿಯಿತು — ದೇವರೇ, ನನ್ನ ತಂಗಿಯ ಜೀವಕ್ಕೆ — ಮತ್ತೆ ಸುತ್ತಿದ, ತಡೆದ, ಬೆರಳು ಈಚೆ ಬಂತು, ಸುರುಳಿ — ಏನು ಕೇಳಲಿ, ಅದನ್ನೇ ಕೇಳುತ್ತೇನೆ, ನನಗೆ ಸಿಗದಿದ್ದದ್ದನ್ನೇ ಅವಳಿಗೆ ಕೇಳುತ್ತೇನೆ, ನಿನ್ನ ಕೈಗೆ ಬರುತ್ತಿದ್ದಾಳೆ, ಉಜ್ಜಬೇಡ, ಎಳೆಯಬೇಡ, ಇವನು ಹಿಡಿದ ಹಾಗೆಯೇ ಮೆಲ್ಲಗೆ ಹಿಡಿದುಕೋ, ದೇವರೇ, ಅವಳಿಗೆ ಶಾಂತಿ ಕೊಡು.