ಕಣ್ಣಾಸ್ಪತ್ರೆಯ ಮುಖಪುಟ

ತಂಗಿ ‘ಪ್ರಕಟಿಸು’ ಎನ್ನುವ ಗುಂಡಿ ಒತ್ತಿ, ಮೂಗೊರೆಸಿಕೊಂಡು, ಅಕ್ಕನ ಕುರ್ಚಿಯಿಂದ ಎದ್ದಳು. ಅಂತೂ ಒಂದು ಕೆಲಸವಾಯಿತು. ಅರವತ್ತು ತುಂಬಿದರೂ ಕಂಪ್ಯೂಟರಿನ ಹತ್ತಿರ ಸುಳಿಯದಿದ್ದವಳು ಇವತ್ತು ತಾನೇ ಕೂತು, ಅಕ್ಕನ ವೆಬ್‌ಸೈಟಿನಲ್ಲಿ ಸುದ್ದಿ ಹಾಕಿದ್ದಳು: ‘ಅಕ್ಕ ನಿನ್ನೆ ಸಂಜೆ ತೀರಿಕೊಂಡರು. ಮಧ್ಯಾಹ್ನ ಒಂದು ಗಂಟೆಗೆ ಮನೆಯಿಂದ ಹೊರಡುತ್ತೇವೆ. ನೋಡುವವರು ಅಷ್ಟರೊಳಗೆ ಬನ್ನಿ.’ ಮೊದಲು ಅಲ್ಲಿ ಏನೇನೋ ಬರೆದಿತ್ತು. ಸಾವಿನ ಸುದ್ದಿಯ ಪಕ್ಕ ಅದೆಲ್ಲ ಯಾಕೆ ಎಂದು ಪೂರ್ತಿ ಅಳಿಸಿದ್ದಳು. ಪಕ್ಕದ ಕೋಣೆಯಲ್ಲಿ ಅಕ್ಕ ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಆ ಮನೆ ಇವತ್ತೇ ಕಂಡಿದ್ದು.

ಹತ್ತು ನಿಮಿಷಕ್ಕೆ ಫೋನು ಬಂತು.

“ಅಮ್ಮಾ, ನಾನು ಕಣ್ಣಾಸ್ಪತ್ರೆ ರಿಸೆಪ್ಷನಿಸ್ಟು. ಸುದ್ದಿ ನೋಡಿ ಕೈಕಾಲೇ ಆಡ್ತಿಲ್ಲ. ಈಗಲೇ ಹೊರಟೆ. ಆದ್ರೆ ಒಂದ್ಮಾತು... ಅದು ನಮ್ಮ ಆಸ್ಪತ್ರೆ ಸೈಟಲ್ಲಿ ಬಂದಿದೆಯಲ್ಲಾ?”

“ನಿಮ್ಮದ್ರಲ್ಲಾ? ನಾನು ಅವಳದ್ರಲ್ಲಿ ಹಾಕಿದ್ದು!”

“ಮುಖಪುಟ ಪೂರ್ತಿ ಅದೇ ಇದೆಯಮ್ಮ. ಅಪಾಯಿಂಟ್‌ಮೆಂಟ್ ತಗೊಳ್ಳೋ ಜಾಗಾನೇ ಇಲ್ಲ. ನಮ್ಮ ಡಾಕ್ಟ್ರಮ್ಮನೇ ಹೋಗ್ಬಿಟ್ರು ಅಂದ್ಕೊಂಡು ಪೇಷಂಟುಗಳು ಫೋನ್ ಮೇಲೆ ಫೋನು. ಡಾಕ್ಟ್ರಮ್ಮನೇ ಎತ್ತಿ ‘ನಾನಿನ್ನೂ ಇದ್ದೀನ್ರೀ’ ಅಂದ್ರೆ, ಆ ಕಡೆ ಒಬ್ರು ಕಿಟಾರನೆ ಕಿರುಚಿ ಫೋನ್ ಇಟ್ಬಿಟ್ರಂತೆ.”

ತಂಗಿಗೆ ಆಗ ಹೊಳೆಯಿತು. ಅಕ್ಕ ಕೊನೆಯ ಸಲ ಎದ್ದು ಹೋಗುವಾಗ ತೆರೆದಿಟ್ಟಿದ್ದದ್ದು ಕಣ್ಣಾಸ್ಪತ್ರೆಯ ಕೆಲಸ. ಇವಳು ಕಣ್ಣು ಮುಚ್ಚಿಕೊಂಡು ಅದನ್ನೇ ಅಳಿಸಿದ್ದಳು. ಇಪ್ಪತ್ತೊಂದು ವರ್ಷ ಒಬ್ಬರಿಂದಲೂ ಒಂದು ದೂರು ಹೇಳಿಸಿಕೊಳ್ಳದವಳ ಮರ್ಯಾದೆಯನ್ನು, ಅವಳನ್ನು ಕಳಿಸಿಕೊಡುವ ದಿನವೇ ಮಣ್ಣುಪಾಲು ಮಾಡಿದೆನಲ್ಲ! ಎಡವಟ್ಟಾದಾಗಲೆಲ್ಲ ಮಾಡುವಂತೆ “ಅಕ್ಕಾ” ಎಂದು ಕೂಗಲು ಬಾಯಿ ತೆರೆದಳು. ಆಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

*

ಅಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಅವಳಿಗೆ ನಲವತ್ತೊಂದು ವರ್ಷವಾದಾಗ ಎಕ್ಸ್‌ಚೇಂಜೇ ಮುಚ್ಚಿತು. ಜೊತೆಯವರು ಅಂಗಡಿ ಗಿಂಗಡಿ ಸೇರಿಕೊಂಡರು. ಅಕ್ಕ ಲೈಬ್ರರಿಯಿಂದ ವೆಬ್‌ಸೈಟ್ ಕಟ್ಟುವುದು ಹೇಗೆ ಎಂಬ ದಪ್ಪ ಪುಸ್ತಕ ತಂದು, ಹನ್ನೊಂದು ಸಲ ಅವಧಿ ವಿಸ್ತರಿಸಿಕೊಂಡು ಓದಿದಳು. ಹನ್ನೆರಡನೇ ಸಲ ಲೈಬ್ರರಿಯವರೇ ಸೋತು “ನೀವೇ ಇಟ್ಕೊಂಡ್ಬಿಡಿ” ಎಂದರು.

ಮೊದಲ ಗಿರಾಕಿ ಹಲ್ಲಿನ ಡಾಕ್ಟರು. ಹಲ್ಲು ಕೀಳಿಸಿಕೊಂಡು, ಅರ್ಧ ಜೋಮು ಹಿಡಿದ ಬಾಯಲ್ಲೇ, “ನಿಮಗೊಂದು ವೆಬ್‌ಸೈಟ್ ಬೇಕು ಡಾಕ್ಟ್ರೇ. ನಾನೇ ಮಾಡ್ಕೊಡ್ತೀನಿ,” ಎಂದಳು.

“ಅದೆಲ್ಲ ಇಪ್ಪತ್ತು ವರ್ಷದವರ ಕೆಲಸ ಅಲ್ವೇನಮ್ಮಾ?”

“ಅವರ ಬಾಯಲ್ಲಿ ಹೀಗೆ ಇಕ್ಕಳ ಹಾಕಿ ನೋಡಿ, ಯಾರು ಗಟ್ಟಿ ಅಂತ ಗೊತ್ತಾಗತ್ತೆ.”

ಡಾಕ್ಟರು ನಕ್ಕರು. ನಕ್ಕಿದ್ದೇ ಒಪ್ಪಿಗೆ ಎಂದು ತಿಳಿದು ಅಕ್ಕ ಮೂರು ತಿಂಗಳು ಒದ್ದಾಡಿದಳು. ಒಂದು ದಿನ ಡಾಕ್ಟರ ಫೋಟೋ ತಲೆಕೆಳಗಾಗಿ ಬಂತು, ಇನ್ನೊಂದು ದಿನ ಬರಲೇ ಇಲ್ಲ. ಕಡೆಗೆ ಎಲ್ಲವೂ ನೆಟ್ಟಗಾದ ದಿನ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು.

“ಈಗ ಇದನ್ನ ಕೆಡಿಸಿ.”

“ಕೆಡಿಸೋದಾ? ಈಗಷ್ಟೇ ಸರಿಯಾಯ್ತಲ್ಲಮ್ಮಾ!”

“ಕೆಡಿಸಿ, ಆಮೇಲೆ ನೀವೇ ಸರಿ ಮಾಡಿ. ನಾನು ಬಾಯಲ್ಲಿ ಹೇಳ್ತೀನಿ, ಕೈ ಹಚ್ಚಲ್ಲ. ಅಲ್ಲೀವರೆಗೂ ಕೆಲಸ ಮುಗೀಲಿಲ್ಲ.”

ಅದೇ ಅವಳ ಪದ್ಧತಿಯಾಯಿತು. ಬೇಕರಿಯವನಿರಲಿ, ಡ್ರೈವಿಂಗ್ ಶಾಲೆಯವಳಿರಲಿ, ತಮ್ಮ ಸೈಟನ್ನು ತಾವೇ ಕೆಡಿಸಿ ತಾವೇ ಸರಿಪಡಿಸದ ಹೊರತು ಯಾರನ್ನೂ ಬಿಡುತ್ತಿರಲಿಲ್ಲ. ತಂಗಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

“ಎಲ್ರಿಗೂ ಕಲಿಸ್ಬಿಟ್ರೆ ನಾಳೆ ನಿನ್ನ ಯಾರು ಕೇಳ್ತಾರೆ? ಸೈಟಿನ ಕೆಳಗಡೆ ಮೂಲೇಲಾದ್ರೂ ನಿನ್ನ ಹೆಸರು ಹಾಕ್ಕೊಳ್ಳೇ.”

“ಅಂಗಡಿ ಅವರದ್ದು. ಬಾಗಿಲ ಮೇಲೆ ನನ್ನ ಹೆಸರು ಯಾಕೆ?”

ತಂಗಿಯ ಲೆಕ್ಕ ತಪ್ಪಾಯಿತು. ಕಲಿತವರು ಸಲಹೆ ಕೇಳಲು ಬಂದರು, ಬರುವಾಗ ಇನ್ನೊಬ್ಬರನ್ನು ಕರೆತಂದರು. ‘ಇದು ಬೇಕಾ, ಅದು ಬೇಕಾ’ ಎಂದರೆ ಅಕ್ಕ ಹತ್ತರಲ್ಲಿ ಎಂಟು ಸಲ ‘ಬೇಡ’ ಎನ್ನುತ್ತಿದ್ದಳು. ಆ ‘ಬೇಡ’ಕ್ಕಾಗಿಯೇ ಜನ ಸಾಲುಗಟ್ಟಿದರು. ಗಾಜಿನ ಕಟ್ಟಡದ ದೊಡ್ಡ ಕಂಪನಿಯವರೂ ಮನೆಗೆ ಬಂದರು. ನಮ್ಮಲ್ಲಿ ಸೇರಿ, ಆದರೆ ಗಿರಾಕಿಗಳಿಗೆ ಕಲಿಸುವ ಹಾಗಿಲ್ಲ ಎಂದರು. ಅಕ್ಕ ಅವರಿಗೆ ಕಾಫಿ ಕೊಟ್ಟು, ಮೆಟ್ಟಿಲವರೆಗೂ ಹೋಗಿ ಬೀಳ್ಕೊಟ್ಟಳು. ಎರಡೇ ಕೋಣೆಯ ಮನೆಯಲ್ಲಿ ಕೂತು ನಲವತ್ತಮೂರು ಸೈಟು ಕಟ್ಟಿದಳು.

ಕಲಿಯದೆ ಉಳಿದವಳು ತಂಗಿ ಒಬ್ಬಳೇ. “ಬಾರೇ, ನಿನಗೂ ಹೇಳ್ಕೊಡ್ತೀನಿ” ಎಂದಾಗಲೆಲ್ಲ ಒಂದೇ ಉತ್ತರ:

“ನೀನಿದ್ದೀಯಲ್ಲ, ನನಗ್ಯಾಕೆ?”

*

ರಿಸೆಪ್ಷನಿಸ್ಟ್ ಬರುವಷ್ಟರಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಅಕ್ಕನ ಗಿರಾಕಿಗಳಿಂದ ಅಂಗಳ ತುಂಬಿತ್ತು. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಅಕ್ಕನ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ತಂಗಿ ಕೈ ಹಿಡಿದು ಕಂಪ್ಯೂಟರಿನ ಮುಂದೆ ಎಳೆತಂದಳು.

“ನಿಮ್ಮ ದಮ್ಮಯ್ಯ, ಬೇಗ ಸರಿ ಮಾಡ್ಕೊಡಿ. ಅವಳ ಹೆಸರು ಕೆಡಿಸ್ಬಿಟ್ಟೆ ನಾನು.”

ಆಕೆ ತಂಗಿಯ ಭುಜ ಒತ್ತಿ, ಅವಳನ್ನೇ ಕುರ್ಚಿಯಲ್ಲಿ ಕೂರಿಸಿದಳು.

“ನೀವೇ ಮಾಡಿ.”

“ಇವತ್ತಾ? ತಮಾಷೆ ಮಾಡ್ತೀರಾ?”

“ನನ್ನ ಕೈಲಿ ಎರಡು ನಿಮಿಷದ ಕೆಲಸ. ಆದ್ರೆ ನಾನು ಮಾಡಿದ್ರೆ ಅಕ್ಕಾವ್ರು ಎದ್ದು ಬಂದು ಬೈತಾರೆ. ನಂಗೂ ಹೀಗೇ ಕೂರಿಸಿದ್ರು. ನಾನೂ ಅಳ್ತಾನೇ ಮಾಡಿದ್ದು. ಎಡಗಡೆ ‘ಹಳೆಯ ಪ್ರತಿಗಳು’ ಅಂತಿದೆ ನೋಡಿ.”

“ಎಲ್ಲಿ? ನಂಗೇನೂ ಕಾಣ್ತಿಲ್ಲ.”

“ಮೊದಲು ಕಣ್ಣೊರೆಸ್ಕೊಳ್ಳಿ. ಈಗ ಕಾಣತ್ತೆ.”

ಕಂಡಿತು. ತಂಗಿ ಒತ್ತಿದಳು. ಮೊನ್ನೆಯ ಪ್ರತಿ, ನಿನ್ನೆ ಬೆಳಗ್ಗೆಯ ಪ್ರತಿ, ಎಲ್ಲವನ್ನೂ ಅಕ್ಕ ದಿನಾಂಕ, ಗಂಟೆಯ ಸಮೇತ ಇಟ್ಟಿದ್ದಳು. ನಿನ್ನೆ ನಾಲ್ಕು ಗಂಟೆ ಹತ್ತು ನಿಮಿಷದ್ದನ್ನು ಆರಿಸಿ, ಉಸಿರು ಬಿಗಿಹಿಡಿದು, ‘ಪ್ರಕಟಿಸು’ ಒತ್ತಿದಳು. ಆಸ್ಪತ್ರೆಯ ಬಾಗಿಲು, ಡಾಕ್ಟ್ರಮ್ಮನ ಫೋಟೋ, ಅಪಾಯಿಂಟ್‌ಮೆಂಟಿನ ಹಸಿರು ಗುಂಡಿ ಎಲ್ಲವೂ ಇದ್ದಲ್ಲಿಗೇ ಬಂದು ಕೂತವು.

“ಬಂತು!” ಎಂದು ತಂಗಿ ಕೂಗಿಬಿಟ್ಟಳು. ಪಕ್ಕದ ಕೋಣೆಯಿಂದ ಇಬ್ಬರು ಗಾಬರಿಯಾಗಿ ಇಣುಕಿದರು. ಅವಳಿಗೆ ನಾಚಿಕೆಯಾಗಲಿಲ್ಲ. ಇಪ್ಪತ್ತೊಂದು ವರ್ಷ ಅಕ್ಕ ಊಟ ಮರೆತು ಯಾವುದರ ಬೆನ್ನು ಹತ್ತಿದ್ದಳೋ ಆ ಖುಷಿ ಮೊಟ್ಟಮೊದಲ ಸಲ ಅವಳ ಕೈಗೂ ತಾಗಿತ್ತು.

ಅಷ್ಟರಲ್ಲಿ ರಿಸೆಪ್ಷನಿಸ್ಟಳ ಫೋನು ಹೊಡೆದುಕೊಂಡಿತು. ಕಣ್ಣಿನ ಡಾಕ್ಟ್ರಮ್ಮ. ಬೈಗುಳಕ್ಕೆ ತಯಾರಾಗಿ ತಂಗಿ ತಾನೇ ಮಾತಾಡುತ್ತೇನೆಂದು ಇಸಿದುಕೊಂಡಳು.

“ಆ ಸುದ್ದಿ ತೆಗೆದ್ಬಿಟ್ರಾ?” ಎಂದರು ಡಾಕ್ಟ್ರಮ್ಮ.

“ತೆಗೆದೆ ಡಾಕ್ಟ್ರೇ. ದೊಡ್ಡ ತಪ್ಪಾಯ್ತು, ಕ್ಷಮಿಸ್ಬಿಡಿ.”

“ಯಾಕ್ರೀ ತೆಗೆದ್ರಿ? ಅಪಾಯಿಂಟ್‌ಮೆಂಟೂ ಇರಲಿ, ಮೇಲ್ಗಡೆ ಅದೂ ಇರಲಿ. ಯಾವ ಅಕ್ಕ ಅಂತ ಮಾತ್ರ ಬರೀರಿ, ನನ್ನ ಪ್ರಾಣ ಉಳಿಸಿ.”

ತಂಗಿ ಮತ್ತೆ ಕಂಪ್ಯೂಟರಿನತ್ತ ತಿರುಗಿದಳು. ಒಂದೊಂದೇ ಅಕ್ಷರ ಹುಡುಕುತ್ತಾ ಬರೆದಳು: ‘ಈ ವೆಬ್‌ಸೈಟ್ ಕಟ್ಟಿದ ಅಕ್ಕ ನಿನ್ನೆ ಸಂಜೆ ತೀರಿಕೊಂಡರು.’ ಅದರ ಮುಂದೆ ಅಕ್ಕನ ಪೂರ್ತಿ ಹೆಸರನ್ನೂ ಬರೆದಳು. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

ಬಾಗಿಲಲ್ಲಿ ನಿಂತು ಓದುತ್ತಿದ್ದ ಹಲ್ಲಿನ ಡಾಕ್ಟರು ಮುಖ ಸಿಂಡರಿಸಿದರು. ಈಗ ಅವರಿಗೆ ಎಂಬತ್ತು.

“ಅಕ್ಕ ಏನು ಕಣ್ಣಿನವರಿಗೆ ಮಾತ್ರ ಅಕ್ಕಾನಾ? ಮೊದಲನೇ ಸೈಟು ನನ್ನದು ಕಣ್ರೀ!” ಎಂದು ಜೇಬಿನಿಂದ ಫೋನು ತೆಗೆಯುತ್ತಲೇ ಅಂಗಳಕ್ಕಿಳಿದರು. ಅಲ್ಲಿ ಅವರು ಏನೋ ಹೇಳಿದ್ದು, ಗುಜುಗುಜು ಎದ್ದದ್ದು, ಮತ್ತೆ ಎಲ್ಲವೂ ತಣ್ಣಗಾದದ್ದು ಒಳಗೆ ಕೇಳಿಸಿತು.

ಒಂದು ಗಂಟೆಗೆ ಗಾಡಿ ಬಂತು. ತಂಗಿ ಹೊರಗೆ ಬಂದು ನಿಂತಳು. ಅಂಗಳದಲ್ಲಿ ನಲವತ್ತು ಜನರಾದರೂ ಇದ್ದರು, ಒಬ್ಬರೂ ತಲೆ ಎತ್ತಿರಲಿಲ್ಲ. ಬೇಕರಿಯವನು ಗೋಡೆಗೊರಗಿ ತುಟಿ ಕಚ್ಚಿಕೊಂಡು, ಫೋನಿನಲ್ಲೇ ತನ್ನ ಸೈಟಿನ ಮೇಲ್ಗಡೆ ಅಕ್ಕನ ಹೆಸರು ಬರೆಯುತ್ತಿದ್ದ. ಡ್ರೈವಿಂಗ್ ಶಾಲೆಯವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದಳು. ಹಲ್ಲಿನ ಡಾಕ್ಟರು ಒಂದೇ ಹೆಬ್ಬೆರಳಲ್ಲಿ ನಿಲ್ಲದೆ ಒತ್ತುತ್ತಿದ್ದರು. ಹೇಗೆ ಮಾಡೋದು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಗೇಟಿನ ಹತ್ತಿರ ಗಾಡಿ ನಿಲ್ಲಿಸಿದ್ದ ಡ್ರೈವರಿಗೆ ಬರೀ ಬೆನ್ನುಗಳು, ಬಾಗಿದ ತಲೆಗಳು ಕಂಡವು. ಪ್ರಾರ್ಥನೆ ನಡೆಯುತ್ತಿದೆ ಎಂದುಕೊಂಡ ಅವನು ಎಂಜಿನ್ ಆರಿಸಿದ. ಕೆಳಗಿಳಿದು, ಟೋಪಿ ತೆಗೆದು, ತಾನೂ ತಲೆ ಬಾಗಿಸಿ ನಿಂತ.