ಲೋಟದೊಳಗಿನ ಬಿಳಿ ಗೆರೆ

ನೀರು ನಡುಗುತ್ತಿದೆ, ಹೊಲಿಗೆ ಯಂತ್ರದ ಮೇಲಿಟ್ಟ ಲೋಟದ ನೀರು, ಅವಳ ಕಾಲು ಪೆಡಲು ತುಳಿದಷ್ಟು ಹೊತ್ತೂ ನಡುಗುತ್ತದೆ, ತುಳಿತ ನಿಂತರೆ ತಾನೂ ನಿಲ್ಲುತ್ತದೆ, ಆಗ ಆ ಬಿಳಿ ಗೆರೆ ಕಾಣುತ್ತದೆ — ಲೋಟದ ಸರಿ ಅರ್ಧಕ್ಕೆ, ಬೋರಿನ ಉಪ್ಪುನೀರು ವರ್ಷಗಟ್ಟಲೆ ಕೂತು ಕಟ್ಟಿದ ಗೆರೆ, ಎಷ್ಟು ಉಜ್ಜಿದರೂ ಜಗ್ಗದ್ದು. ಈಗ ಬಾಗಿಲಿಗೇ ನಲ್ಲಿ ಬಂದಿದೆ, ಸಿಹಿನೀರು, ಆದರೂ ಬೆಳಿಗ್ಗೆ ಅವಳ ಕೈ ಗೆರೆಯವರೆಗೆ ಸುರಿದು ತಾನಾಗಿಯೇ ಚೆಂಬನ್ನು ನೆಟ್ಟಗೆ ಮಾಡಿತು, ಆ ಕೈಗೆ ಪಾಠ ಹೇಳಿದವರು ಅತ್ತೆ, ಮದುವೆಯಾಗಿ ಬಂದ ಮೊದಲ ಬೆಳಿಗ್ಗೆಯೇ, ನೋಡು ತಾಯಿ, ಈ ಬೀದಿ ಹೆಂಗಸರು ಹಗಲು ಹೊತ್ತು ಗೆರೆ ದಾಟಲ್ಲ, ದಾಟಿದ್ರೆ ಕತ್ತಲಾಗೋವರೆಗೂ ಹೊಟ್ಟೆ ಹಿಡ್ಕೊಂಡು ಕೂರ್ಬೇಕು, ಎಂದು ಬೆರಳಿಟ್ಟು ತೋರಿಸಿದ್ದರು, ಅವರಿಗೆ ಅವರ ಅತ್ತೆ ತೋರಿಸಿದ್ದ ಹಾಗೆ. ಬಾಯಾರಿಕೆ ಆಗೆಲ್ಲ ಎಷ್ಟು ಹೇಳಿದರೂ ಏಳದ ನೆಂಟ. ಬಯಲಿಗೆ ಹೋಗಲು ಕತ್ತಲಾಗಬೇಕು, ಹಳೆಯ ಗಿರಣಿಯ ಗೋಡೆಯ ಹಿಂದೆ ಜೋಡಿ ಜೋಡಿಯಾಗಿ ಹೋಗಬೇಕು, ಮೂಲೆಯಲ್ಲಿ ಕಾವಲಿಗೆ ಕೆಮ್ಮಿನಕ್ಕ, ಗಂಡಸರ ಸುಳಿವು ಸಿಕ್ಕರೆ ಅವಳದೊಂದು ಕೆಮ್ಮು — ಗೋಡೆಯುದ್ದಕ್ಕೂ ಹೆಂಗಸರೆಲ್ಲ ಎದ್ದು ಸೆರಗು ಸರಿಮಾಡಿಕೊಂಡು, ನಕ್ಷತ್ರ ಎಣಿಸಲು ಬಂದವರಂತೆ ಆಕಾಶ ನೋಡುವುದು — ರವಿಕೆಯ ತೋಳು ತಿರುಗಿಸು, ಹೊಲಿಗೆ ಓರೆಯಾಯಿತು, ಕಿಬ್ಬೊಟ್ಟೆಯಲ್ಲಿ ಮತ್ತೆ ಆ ಉರಿ, ಹೋದ ಬಸಿರಿನಲ್ಲೂ ಹೀಗೆಯೇ ಶುರುವಾದದ್ದು, ಆರನೆಯ ತಿಂಗಳಲ್ಲಿ, ಅಂಗೈಯಷ್ಟೇ ಇದ್ದ ಮುಖ — ಬೇಡ, ನೆನೆಯಬಾರದು, ತೋಳು ಮುಗಿಸು. ನರ್ಸಮ್ಮ ಹೇಳಿದ್ದು ನೆನೆ, ನೀರು ಕುಡಿಯದೆ, ಬಂದದ್ದನ್ನು ತಡೆದು ತಡೆದು ನಂಜಾಗಿದೆ ಕಣಮ್ಮ, ಹೋದ ಸಲ ಮಗು ಉಳಿಯದಿದ್ದಕ್ಕೂ ಇದೇ ಕಾರಣ ಇದ್ದೀತು, ಮಾತ್ರೆ ನಾನು ಕೊಡ್ತೀನಿ, ನೀರು ನೀನೇ ಕುಡೀಬೇಕು; ಪಕ್ಕದಲ್ಲೇ ಕೂತಿದ್ದ ಅತ್ತೆಯೂ ಅದನ್ನು ಕೇಳಿಸಿಕೊಂಡಿದ್ದರು. ಬೀದಿಗೆ ಒಳಚರಂಡಿ ಬಂದು ಮನೆಮನೆಗೆ ಶೌಚಾಲಯ ಏಳತೊಡಗಿದಾಗ ಮೇಸ್ತ್ರಿಯ ಬೆನ್ನು ಬಿಡದವರು ಅವರೇ, ಹೊಸ ಬಾಗಿಲಿನ ಚಿಲಕವನ್ನು ಹಾಕಿ ತೆಗೆದು, ತೆಗೆದು ಹಾಕಿ, ಕೊನೆಗೆ ಸೊಸೆ ಒಳಗೆ ಹೋದಾಗ ತಾವು ಹೊರಗೆ ಕಾವಲು ನಿಂತವರೂ ಅವರೇ. ಅತ್ತೆ, ಚಿಲಕ ಇದೆಯಲ್ಲ, ನೀವ್ಯಾಕೆ ನಿಂತಿದ್ದೀರಿ? ಚಿಲಕಕ್ಕೆ ಕಣ್ಣಿದೆಯಾ, ಸುಮ್ನಿರು. ಮೊನ್ನೆ ಕೆಮ್ಮಿನಕ್ಕನಿಗೆ ನಿಜವಾದ ನೆಗಡಿ, ಹಾಡುಹಗಲಲ್ಲೇ ಬೀದಿಯಲ್ಲಿ ಒಮ್ಮೆ ಕೆಮ್ಮಿದಳು, ಚಿಲಕ ಹಾಕಿದ ಬಾಗಿಲೊಳಗೆ ಇವಳು ದಡಬಡ ಎದ್ದು ನಿಂತಳು, ಪಕ್ಕದ ಮನೆಯ ವಾರಗಿತ್ತಿಯೂ ಎದ್ದಳಂತೆ, ಎದುರುಮನೆ ಅಜ್ಜಿಯೂ. ಸಂಜೆ ಅದೇ ಗಿರಣಿ ಗೋಡೆಯ ಮುಂದೆ, ಈಗೆಲ್ಲ ಬೆಳಕಿರುವಾಗಲೇ ಕೂತು ಹರಟುವ ಜಾಗ ಅದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ನನ್ನ ಅಧಿಕಾರ ಹೋಯ್ತು ಅಂದ್ಕೊಂಡಿದ್ದೆ, ಇನ್ನೂ ಇದೆ ಕಣ್ರೇ, ಎಂದು ಕೆಮ್ಮಿನಕ್ಕ ಮೂಗೊರೆಸಿಕೊಂಡಳು. ನಗುವುದು ಸುಲಭ, ಬಾಗಿಲಿಗೆ ಚಿಲಕ ಹಾಕಿದ್ದಾಯಿತು, ಗಂಟಲಿನ ಚಿಲಕ ತೆಗೆಯುವವರು ಯಾರು, ಗೆರೆಗೆ ಬಂದ ಕೂಡಲೇ ಬೀಳುವ ಚಿಲಕ — ಹಿಂದೆ ಹೆಜ್ಜೆ ಸಪ್ಪಳ, ಅತ್ತೆಯ ಕೈ, ಚೆಂಬು ಬಾಗಿತು, ನೀರು ಏರಿತು, ಗೆರೆಯನ್ನು ಮುಟ್ಟಿತು, ದಾಟಿತು, ಅಂಚಿಗೆ ಬಂತು. ಅತ್ತೆಯ ಇನ್ನೊಂದು ಕೈಯಲ್ಲಿ ಅವರದೇ ಲೋಟ, ಅದೂ ತುಂಬಿದೆ, ಕಹಿ ಔಷಧಿ ನೋಡುವವರ ಹಾಗೆ ಅದನ್ನೇ ನೋಡುತ್ತಿದ್ದಾರೆ, ನಲವತ್ತು ವರ್ಷದ ಬಾಯಾರಿಕೆಯವರು, ಕುಡಿ ತಾಯಿ, ನಾನೂ ಕುಡೀತೀನಿ, ಕತ್ತಲಲ್ಲಿ ಜೋಡಿಯಾಗೇ ಹೋಗ್ತಿದ್ವಲ್ಲ, ಇದಕ್ಕೂ ಜೋಡಿಯಾಗೇ ಹೋಗೋಣ. ಒಂದು ಗುಟುಕು, ಇನ್ನೊಂದು, ಹೊಟ್ಟೆಯೊಳಗೆ ಮಗು ಮೆಲ್ಲಗೆ ಹೊರಳಿತು, ಅವಳು ಅಷ್ಟನ್ನೂ ಕುಡಿದು ಖಾಲಿ ಲೋಟವನ್ನು ತಾನೇ ಮುಂದೆ ಹಿಡಿದಳು, ಅತ್ತೆ ಮತ್ತೆ ತುಂಬಿದರು, ಕಾಲು ಪೆಡಲಿನ ಮೇಲೆ ಮರೆತು ಕೂತಿದೆ, ನೀರು ನಡುಗುತ್ತಿಲ್ಲ, ಗೆರೆ ಎಲ್ಲಿ — ಅಲ್ಲಿ, ಕೆಳಗೆ, ನೀರಿನೊಳಗೆ, ಮುಳುಗಿ, ಬಿಳಿಯಾಗಿ, ಆ ಗೆರೆ.